ಧಾರೆಯ ಸೀನಿನಲ್ಲಿ ತಪ್ಪಿಲ್ಲ

ಸೀರಿಯಲ್ಲಿನ ಹೆರಿಗೆ ಎರಡು ಜಾಹೀರಾತುಗಳ ನಡುವೆ ಮುಗಿಯುತ್ತದೆ. ನೋವು ಶುರುವಾಗುವಾಗ ಸೋಪಿನ ಜಾಹೀರಾತು, ಮಗು ಅಳುವ ಹೊತ್ತಿಗೆ ಚಿನ್ನದಂಗಡಿಯದು. ಹೆತ್ತವಳ ಹಣೆಯ ಕುಂಕುಮ ಕದಡುವುದಿಲ್ಲ, ಮುಡಿದ ಮಲ್ಲಿಗೆ ಬಾಡುವುದಿಲ್ಲ, ತುಟಿಯ ಬಣ್ಣವಂತೂ ಇನ್ನಷ್ಟು ಗಾಢವಾಗಿರುತ್ತದೆ. ಕುವೈತಿನ ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದ ನರ್ಸ್ ನಾನು. ಅಂಥ ಒಬ್ಬ ಬಾಣಂತಿಯೂ ನನಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಕೈಮುಗಿದು, ಯಾವ ಕಂಪೆನಿಯ ಲಿಪ್‌ಸ್ಟಿಕ್ ಎಂದು ಕೇಳುತ್ತಿದ್ದೆ.

ಆದರೂ ಶುಕ್ರವಾರ ರಜೆ ಸಿಕ್ಕಿದಾಗಲೆಲ್ಲ ನಾನಿರುವ ಫಿಂಟಾಸಿನಿಂದ ಹತ್ತಿರದ ಮಂಗಫಿಗೆ ಹೋಗಿ ಅದನ್ನು ನೋಡುತ್ತಿದ್ದೆ. ನೋಡುತ್ತಿದ್ದುದು ನನ್ನ ಓರಗಿತ್ತಿಯ ಫ್ಲ್ಯಾಟಿನಲ್ಲಿ. ಗಂಡನ ಅಣ್ಣನ ಹೆಂಡತಿ, ಅಕ್ಕ ಎಂದು ಕರೆಯುತ್ತೇನೆ. ಭಾವ ರಿಫೈನರಿಯ ಕೆಲಸದವರು. ವಾರವಿಡೀ ಕಂಪೆನಿ ಬಸ್ಸಿನಲ್ಲಿ ತೂಕಡಿಸಿದ್ದು ಸಾಲದೆಂಬಂತೆ ಶುಕ್ರವಾರ ಬಿರಿಯಾನಿ ಉಂಡು ಒಳಗೆ ಮಲಗಿದರೆ ಅವರ ಗೊರಕೆ ಮಾತ್ರ ನಮ್ಮ ಜೊತೆ ಸೀರಿಯಲ್ ನೋಡುತ್ತಿತ್ತು. ಉಳಿದವರು ಅಕ್ಕ, ನಾನು, ನನ್ನ ಮಗಳು, ಮತ್ತು ಎದುರು ಫ್ಲ್ಯಾಟಿನ ಕೊಂಕಣಿ ಗೆಳತಿ. ಗೆಳತಿಗೆ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ಮನುಷ್ಯರನ್ನು ಒಳಗಿನಿಂದ ನೋಡಿ ಅಭ್ಯಾಸವಾಗಿ ಹೊರಗಿನ ಮಾತನ್ನು ಅವಳು ಹೆಚ್ಚು ನಂಬುವುದಿಲ್ಲ.

ಸೀರಿಯಲ್ ಬ್ರಿಟಿಷರ ಕಾಲದ್ದು. ನಮ್ಮ ಕರಾವಳಿಯ ಒಬ್ಬ ಸೂಲಗಿತ್ತಿಯ ಕಥೆ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಲಾಂದ್ರ ಹಿಡಿದು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವವಳು, ಇರುವ ಒಬ್ಬಳೇ ಮಗಳನ್ನು ಬೆಳೆಸಿದವಳು. ಲಾಂದ್ರ ಮತ್ತು ಬ್ರಿಟಿಷರನ್ನು ತೆಗೆದರೆ ಅದು ನನ್ನ ಕಥೆಯೇ ಎಂದು ನಾನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಮಗಳು ಶಾಲೆಯಲ್ಲಿದ್ದಾಗ ನನ್ನ ಗಂಡ ಎದೆನೋವಿನಿಂದ ಹೋದರು. ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನನ್ನದೇ ಕೆಲಸದ ಮೇಲಿತ್ತು, ಹಾಗಾಗಿ ಇಲ್ಲಿಯೇ ಉಳಿದೆ.

ನಾವು ಸುಮ್ಮನೆ ನೋಡುವ ಪ್ರೇಕ್ಷಕರಲ್ಲ. ಅಕ್ಕನಿಗೆ ಒಂದು ವಾಟ್ಸಾಪ್ ಗುಂಪು ಇತ್ತು. ಕುವೈತಿನ ನಾವು ನಾಲ್ಕೈದು ಜನ, ಊರಿನ ಅತ್ತಿಗೆ ನಾದಿನಿಯರು, ಎಲ್ಲ ಅದರಲ್ಲಿ. ಕಂತು ಮುಗಿದ ಕೂಡಲೇ ಅಕ್ಕನ ಹೆಸರಿನಲ್ಲಿ ಒಂದು ವಿಮರ್ಶೆ ಹೋಗಬೇಕು. ಹೆರಿಗೆಯ ತಪ್ಪುಗಳನ್ನು ಹೇಳುವುದು ನಾನು, ಆಚಾರದ ತಪ್ಪುಗಳನ್ನು ಹೇಳುವುದು ಅಕ್ಕ. ಕನ್ನಡ ಕೀಲಿಮಣೆ ಅಕ್ಕನ ಬೆರಳಿಗೆ ಒಗ್ಗದ ಕಾರಣ ಅವಳ ಫೋನಿನಲ್ಲಿ ಟೈಪ್ ಮಾಡುವುದೂ ನಾನೇ. ಗುಂಪಿನಲ್ಲಿ ಅಕ್ಕ ದೊಡ್ಡ ವಿಮರ್ಶಕಿ ಎಂದು ಹೆಸರು ಮಾಡಿದ್ದಳು. ಕೂಲಿ ಇಲ್ಲದ ಗುಮಾಸ್ತೆ ನಾನು.

ಹೆರಿಗೆಯ ತಪ್ಪು ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ನೋವು ಎಂದು ಕೂಗಿದ ಕೂಡಲೇ ಎಲ್ಲರೂ "ಬಿಸಿನೀರು ತನ್ನಿ" ಎಂದು ಓಡುತ್ತಾರೆ. ಹಂಡೆಗಟ್ಟಲೆ ನೀರು ಬರುತ್ತದೆ, ಒಂದು ಹನಿಯೂ ಬಳಕೆಯಾಗುವುದಿಲ್ಲ. ಹುಟ್ಟಿದ ಮಗು ಕತ್ತು ನೆಟ್ಟಗೆ ಹಿಡಿದು, ನಗುತ್ತಾ, ಸೂಲಗಿತ್ತಿಯ ಸರಕ್ಕೆ ಕೈ ಹಾಕುತ್ತದೆ.

"ಎಷ್ಟಾಗಿರಬಹುದು ಅದಕ್ಕೆ?" ಎಂದು ಗೆಳತಿ ಕೇಳುತ್ತಿದ್ದಳು.

"ಮೂರು ತಿಂಗಳು. ಈಗ ಹುಟ್ಟಿದ್ದು," ಎನ್ನುತ್ತಿದ್ದೆ ನಾನು.

ಮಾಸು ಎಂಬ ಒಂದು ವಸ್ತು ಇದೆ, ಅದು ಬೀಳುವ ತನಕ ಹೆರಿಗೆ ಮುಗಿದಂತಲ್ಲ, ನಮ್ಮ ಪ್ರಾಣ ಬಾಯಿಗೆ ಬರುವುದು ಆಗಲೇ ಎಂಬುದು ಆ ನಿರ್ದೇಶಕನ ಕಿವಿಗೆ ಬಿದ್ದ ಹಾಗಿರಲಿಲ್ಲ. ಅಕ್ಕ ಇದನ್ನೆಲ್ಲ ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಿದ್ದಳು. "ಟಿವಿಯಲ್ಲಿ ಅದನ್ನೆಲ್ಲ ತೋರಿಸ್ಲಿಕ್ಕೆ ಆಗ್ತದಾ ಮಾರಾಯ್ತಿ? ಊಟದ ಹೊತ್ತು."

ಆ ಚಳಿಗಾಲದಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಗಿತ್ತು. ಹುಡುಗ ಇಲ್ಲಿಯೇ ಕೆಲಸದಲ್ಲಿದ್ದವನು. ಮದುವೆ ಊರಿನ ಕಲ್ಯಾಣ ಮಂಟಪದಲ್ಲಿ, ಬರುವ ತಿಂಗಳು. ಹುಡುಗನ ತಾಯಿಯನ್ನು ಅಕ್ಕ ತಾನಾಗಿಯೇ ಸೀರಿಯಲ್ ಗುಂಪಿಗೆ ಸೇರಿಸಿದ್ದಳು. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಧಾರೆ ಯಾರು ಎರೆಯುವುದು?

ನಮ್ಮಲ್ಲಿ ವಧೂವರರ ಕೈಗೆ ಗಿಂಡಿಯ ನೀರು ಬಿಡುವುದು ಹುಡುಗಿಯ ತಂದೆತಾಯಿ. ತಂದೆ ಇಲ್ಲದಿದ್ದರೆ ದೊಡ್ಡಪ್ಪ ದೊಡ್ಡಮ್ಮನೋ ಸೋದರಮಾವ ಅತ್ತೆಯೋ, ಒಟ್ಟಿನಲ್ಲಿ ಜೋಡಿ ಇರಬೇಕು. ತಾಯಿ ಬದುಕಿದ್ದರೂ ಅವಳಿಗೆ ಕಂಬದ ಪಕ್ಕ ಒಂದು ಕುರ್ಚಿ. ಅಕ್ಕ ನನ್ನಲ್ಲಿ ಈ ಬಗ್ಗೆ ಒಮ್ಮೆಯೂ ನೇರವಾಗಿ ಮಾತಾಡಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದಳು. "ನಮಗೆಂತ ಇಲ್ಲ ಮಾರಾಯ್ತಿ. ನಾವು ಈಗಿನವರು. ಆದ್ರೆ ಆ ಕಡೆಯವರು ಎಂತ ಎಣಿಸ್ತಾರೋ, ಹೇಳ್ಲಿಕ್ಕೆ ಆಗುದಿಲ್ಲ." ಅಷ್ಟು ಹೇಳಿ, ಧಾರೆಯ ದಿನಕ್ಕೆಂದು ತರಿಸಿಕೊಂಡ ರೇಷ್ಮೆ ಸೀರೆಯನ್ನು ಬಿಚ್ಚಿ ತೋರಿಸಿದಳು. ಸೀರೆ ಚೆನ್ನಾಗಿತ್ತು. ಹಾಗೆಂದೇ ಹೇಳಿದೆ.

ನನಗೆ ಆಸೆಯಿತ್ತು. ಮುಚ್ಚಿಟ್ಟು ಏನಾಗಬೇಕು? ಊರಿನವರ, ಅರಬರ, ಬಂಗಾಳಿಗಳ, ಯಾರು ಯಾರದೋ ಮಕ್ಕಳನ್ನು ಮೊದಲು ಹಿಡಿದದ್ದು ನಾನು. ನನ್ನ ಮಗಳನ್ನು ಮೊದಲು ಹಿಡಿದದ್ದು ಇನ್ನೊಬ್ಬ ನರ್ಸ್. ನಾನು ಮಲಗಿದ್ದೆ, ಕೈಗೆ ಡ್ರಿಪ್ ಹಾಕಿದ್ದರು. ಬಿಟ್ಟುಕೊಡುವಾಗಲಾದರೂ ಕೈ ನನ್ನದಿರಲಿ ಎಂದು ಅನಿಸುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ. ಕೇಳಿದರೆ ಹಟಮಾರಿ, ಕೇಳದಿದ್ದರೆ ಸಹನಾಮೂರ್ತಿ. ಸಹನಾಮೂರ್ತಿಗೆ ಎಲ್ಲ ಕಡೆ ಗೌರವ, ಕಂಬದ ಪಕ್ಕ ಕುರ್ಚಿಯೂ ಉಚಿತ.

ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಮ್ಮಿ, ಜಸ್ಟ್ ಆಸ್ಕ್ ದೆಮ್," ಎಂದಳು ಒಂದು ದಿನ ಕಾರಿನಲ್ಲಿ. ಜಸ್ಟ್ ಅಂತೆ. ಈ ಒಂದು ಪದ ಕಲಿಸಿದ್ದಕ್ಕಾಗಿ ಶಾಲೆಗೆ ಎಷ್ಟು ಫೀಸು ಕಟ್ಟಿದೆನೋ.

ಅದರ ಮುಂದಿನ ಶುಕ್ರವಾರ ಸೀರಿಯಲ್ಲಿನಲ್ಲಿ ಮೊದಲು ಎಂದಿನಂತೆ ಒಂದು ಹೆರಿಗೆ, ಆಮೇಲೆ ಸೂಲಗಿತ್ತಿಯ ಮಗಳ ಮದುವೆ. ಹೊರಗೆ ಧೂಳು ಎದ್ದು ಕಿಟಕಿ ಕಂದು ಬಣ್ಣಕ್ಕೆ ತಿರುಗಿತ್ತು. ಅಕ್ಕ ಗೋಳಿಬಜೆ ಕರಿದಿಟ್ಟಿದ್ದಳು, ಗೆಳತಿ ಹಾಲಿಲ್ಲದ ಸುಲೈಮಾನಿ ಚಹಾ ತಂದಿದ್ದಳು. ಟಿವಿಯಲ್ಲಿ ವಾಲಗ ಊದಿತು. ಬ್ರಿಟಿಷರ ಕಾಲದ ಚಪ್ಪರದಲ್ಲಿ ಪ್ಲಾಸ್ಟಿಕ್ ಸೇವಂತಿಗೆ ತೂಗುತ್ತಿತ್ತು. ವರನ ಕೈಯಲ್ಲಿ ವಾಚಿನ ಬಿಳಿ ಗುರುತು ಕಾಣುತ್ತಿತ್ತು. ಇದಕ್ಕೆಲ್ಲ ಅಕ್ಕ ಚಕಾರ ಎತ್ತಲಿಲ್ಲ. ಆಮೇಲೆ ಆ ಸೂಲಗಿತ್ತಿ, ಬಿಳಿ ಸೀರೆ, ಬರಿಗೈ, ಮಂಟಪ ಹತ್ತಿ ಗಿಂಡಿ ಎತ್ತಿಕೊಂಡು ಮಗಳ ಕೈಗೆ ಧಾರೆ ಎರೆದಳು.

ಅಕ್ಕ ಬಾಯಿಗೆ ಒಯ್ದ ಗೋಳಿಬಜೆಯನ್ನು ಕೆಳಗಿಟ್ಟಳು. "ಇದೆಂತ ಇದು? ಹೀಗೆ ಎಲ್ಲಾದ್ರೂ ಉಂಟಾ? ಆ ಕಾಲದಲ್ಲಿ ಗಂಡ ಸತ್ತವಳು ಧಾರೆ ಎರೆಯುದಾ?"

"ಕಥೆ ಅಲ್ವಾ ಅಕ್ಕ?" ಎಂದಳು ಗೆಳತಿ.

"ಕಥೆಯಾದ್ರೂ ಒಂದು ರಿಯಾಲಿಟಿ ಬೇಡ್ವಾ? ನೋಡುವವರು ಎಂತ ಮೂರ್ಖರಾ?"

"ಮೂರು ತಿಂಗಳ ಮಗು ಈಗ ಹುಟ್ಟಿದ್ದು ಅಂದಾಗ ನಾವು ಎಂತ ಆಗಿದ್ದೆವು?" ಎಂದು ಗೆಳತಿ ಸುಲೈಮಾನಿಗೆ ಸಕ್ಕರೆ ಹಾಕಿಕೊಂಡಳು.

ಮಾತು ಟಿವಿಯ ಬಗ್ಗೆಯೇ ನಡೆಯುತ್ತಿತ್ತು, ಎಲ್ಲರ ಕಣ್ಣೂ ಟಿವಿಯ ಮೇಲೆಯೇ ಇತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನೊಬ್ಬಳೇ ನನ್ನ ಕೈ ನೋಡಿಕೊಂಡೆ. ಬಳೆ ಇಲ್ಲ. ಗಂಡ ಇದ್ದಾಗಲೂ ಇರುತ್ತಿರಲಿಲ್ಲ. ಹೆರಿಗೆ ಕೋಣೆಯ ನಿಯಮವೇ ಹಾಗೆ, ಮೊಣಕೈಯಿಂದ ಕೆಳಗೆ ಬಳೆ, ಉಂಗುರ, ವಾಚು ಏನೂ ಕೂಡದು. ಆ ಬಾಗಿಲಿನ ಒಳಗೆ ಮುತ್ತೈದೆ, ವಿಧವೆ, ಮದುವೆಯಾಗದವಳು, ಎಲ್ಲರ ಕೈಯೂ ಬೋಳು. ಅಕ್ಕನ ಕಿರಿಯ ಮಗ ಹುಟ್ಟುವಾಗ ನನ್ನ ಗಂಡ ಹೋಗಿ ವರ್ಷವೂ ಆಗಿರಲಿಲ್ಲ. ಅವಳೇ ಹಟ ಹಿಡಿದು ನನ್ನ ಡ್ಯೂಟಿ ಕೇಳಿ ಬಂದವಳು. ನನ್ನ ಮಣಿಕಟ್ಟು ನೀಲಿಯಾಗುವಂತೆ ಹಿಡಿದುಕೊಂಡು, "ನೀನು ಬಿಟ್ಟು ಹೋಗ್ಬೇಡ" ಎಂದು ಅತ್ತವಳು. ಆ ಹುಡುಗನ ತಲೆ ಮೊದಲು ಮುಟ್ಟಿದ್ದು ಇದೇ ಕೈ. ಆಗ ರಿಯಾಲಿಟಿಯ ಪ್ರಶ್ನೆ ಬಂದಿರಲಿಲ್ಲ.

ಇದೆಲ್ಲ ಬಾಯಿಗೆ ಬಂತು. ನುಂಗಿದೆ. ಗೋಳಿಬಜೆ ಬಿಸಿಯಿತ್ತು.

"ಬರೆ," ಎಂದು ಅಕ್ಕ ಫೋನನ್ನು ನನ್ನ ಮಡಿಲಿಗಿಟ್ಟಳು. "ನಿನ್ನ ಹೆರಿಗೆಯದ್ದು ಎಂತ ಉಂಟೋ ಅದು ಮೊದಲು ಬರೆ. ಆಮೇಲೆ ನನ್ನದು. ಧಾರೆಯ ಸೀನು ದೊಡ್ಡ ತಪ್ಪು, ಆ ಕಾಲದಲ್ಲಿ ಹಾಗೆಲ್ಲ ಇರ್ಲಿಲ್ಲ, ಈ ಕಾಲದಲ್ಲಿ ಕೂಡ ಶೋಭೆ ಅಲ್ಲ ಅಂತ ಬರೆ."

ಕೋಣೆಯಲ್ಲಿ ಏಸಿಯ ಸದ್ದು, ಭಾವನ ಗೊರಕೆ. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು.

ಬರೆದೆ. ಬಿಸಿನೀರಿನ ಹಂಡೆಯ ಬಗ್ಗೆ ಬರೆದೆ, ಕತ್ತು ನಿಂತ ಮಗುವಿನ ಬಗ್ಗೆ ಬರೆದೆ, ಬೀಳದ ಮಾಸಿನ ಬಗ್ಗೆ ಬರೆದೆ. ಸಿಟ್ಟು ಬಂದಿತ್ತು. ಇಷ್ಟು ವರ್ಷ ಬೇರೆಯವರ ಅಭಿಪ್ರಾಯವನ್ನು ಒಂದು ಅಕ್ಷರ ತಪ್ಪದೆ ಟೈಪ್ ಮಾಡಿದವಳು ನಾನು. ಕೊನೆಗೆ ಬರೆದೆ: "ಧಾರೆಯ ಸೀನಿನಲ್ಲಿ ತಪ್ಪಿಲ್ಲ. ಬರುವ ತಿಂಗಳು ನಮ್ಮ ಮನೆಯ ಮದುವೆಯಲ್ಲಿಯೂ ಹುಡುಗಿಯ ತಾಯಿಯೇ ಧಾರೆ ಎರೆಯುವುದು. ನಮ್ಮ ಪೂರ್ಣ ಒಪ್ಪಿಗೆ ಇದೆ."

ಕಳಿಸಿದೆ. ಕಳಿಸಿದ ಮೇಲೆ, ಪ್ರತಿಸಲದ ಪದ್ಧತಿಯಂತೆ, ಗಟ್ಟಿಯಾಗಿ ಓದಿ ಹೇಳಿದೆ.

ಅಕ್ಕನ ಮುಖ ಹೇಗಾಯಿತು ಎಂದು ವರ್ಣಿಸುವುದಿಲ್ಲ. ನಾಳೆಯೂ ಆ ಮನೆಗೆ ಹೋಗಬೇಕು. "ಅಳಿಸು," ಎಂದಳು. ಆಮೇಲೆ ದನಿ ಏರಿಸಿ, "ಅಳಿಸು ಹೇಳಿದ್ದು! ಆ ಕಡೆಯವರು ನೋಡಿದ್ರೆ ಎಂತ ಎಣಿಸ್ಲಿಕ್ಕಿಲ್ಲ? ನಿನ್ನ ಮಗಳ ಮದುವೆ ಮಾರಾಯ್ತಿ, ತಮಾಷೆಯಾ?"

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಎಂಥ ಕೆಲಸ ಮಾಡಿದೆ, ಮಗಳ ಬಾಳಿಗೆ ಕಲ್ಲು ಹಾಕಿದೆನೇ ಎಂದುಕೊಂಡೆ. ಅಳಿಸಲು ಬೆರಳಿಟ್ಟೆ. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಹುಡುಗನ ತಾಯಿಯ ಧ್ವನಿ ಸಂದೇಶ. ನಾನು ಮುಟ್ಟಲಿಲ್ಲ, ಅಕ್ಕನೂ ಮುಟ್ಟಲಿಲ್ಲ. ಎಕ್ಸ್‌ರೇಯವಳು ಕೈ ಚಾಚಿ ಒತ್ತಿಬಿಟ್ಟಳು.

"ಅಕ್ಕ, ಎಷ್ಟು ಒಳ್ಳೆಯ ಮಾತು ಬರೆದ್ರಿ ನೀವು! ನಾನೂ ಹಾಗೇ ಎಣಿಸಿದ್ದು. ಆ ಹುಡುಗಿಯನ್ನು ಸಾಕಿದ್ದು ಅವರೊಬ್ರೇ ಅಲ್ವಾ? ಆದ್ರೆ ನಾವು ಗಂಡಿನ ಕಡೆಯವರು, ನಾವೇ ಹೇಳಿದ್ರೆ ನಿಮ್ಮ ಕಡೆಯವರು ಎಂತ ಎಣಿಸ್ತಾರೋ ಅಂತ ಬಾಯಿ ಮುಚ್ಚಿ ಕೂತಿದ್ದೆ. ನಿಮ್ಮದು ದೊಡ್ಡ ಮನಸ್ಸು ಅಕ್ಕ."

ಗೆಳತಿ ಜೋರಾಗಿ ನಕ್ಕಳು. ಒಳಗೆ ಗೊರಕೆ ನಿಂತಿತು. ಆ ಕಡೆಯವರಿಗೆ ಈ ಕಡೆಯವರ ಹೆದರಿಕೆ, ಈ ಕಡೆಯವರಿಗೆ ಆ ಕಡೆಯವರ ಹೆದರಿಕೆ, ನಡುವೆ ನನಗೆ ಕುರ್ಚಿ. ನನಗೆ ನಗು ಬರಲಿಲ್ಲ, ಅಳು ಬಂತು. ಸೆರಗು ಸಿಗದೆ ಗೋಳಿಬಜೆಯ ಟಿಶ್ಯೂವಿನಲ್ಲಿ ಕಣ್ಣೊರೆಸಿಕೊಂಡು ಕಣ್ಣೆಲ್ಲ ಎಣ್ಣೆಯಾಯಿತು.

ಊರಿನ ಅತ್ತಿಗೆ ನಾದಿನಿಯರಿಂದ ಹೂವು, ಹೃದಯ, ಕೈಮುಗಿದ ಚಿತ್ರಗಳು ಬರತೊಡಗಿದವು. ಎಲ್ಲವೂ ಅಕ್ಕನಿಗೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದಳು. ಸಂಜೆಯ ಚಹಾದ ಹೊತ್ತಿಗೆ, "ನಾನು ಮೊದಲಿಂದಲೂ ಹೇಳ್ತಾ ಇದ್ದೆ, ನಾವು ಈಗಿನವರು ಅಂತ," ಎಂದಳು. ರೇಷ್ಮೆ ಸೀರೆಯನ್ನು ಮದುವೆಗೆ ಹೇಗೂ ಉಡಬಹುದು ಎಂಬುದು ಅವಳಿಗೆ ಆಗಲೇ ಹೊಳೆದಿರಬೇಕು.

ಮದುವೆ ಆಯಿತು. ಮರಳಿ ಬಂದ ಮೇಲಿನ ಮೊದಲ ಶುಕ್ರವಾರ, ಅದೇ ಮಂಗಫಿನ ಸೋಫಾದಲ್ಲಿ, ಸೀರಿಯಲ್ ಬದಲು ಮದುವೆಯ ವೀಡಿಯೊ ಹಾಕಿದೆವು. ಅಭ್ಯಾಸಬಲ, ಎಲ್ಲರೂ ತಪ್ಪು ಹುಡುಕಲು ಕುಳಿತರು. ವಾಲಗದವನು ಫೋನು ನೋಡುತ್ತಿದ್ದ. ಅಳಿಯನ ಪೇಟ ವಾಲಿತ್ತು. ಧಾರೆಯ ಹೊತ್ತಿಗೆ ಪರದೆಯ ತುಂಬ ನನ್ನ ಬರಿಗೈ, ಅದರಲ್ಲಿ ಗಿಂಡಿ. ಆ ಕೈ ನಡುಗುತ್ತಿತ್ತು. ಒಂದು ಧಾರೆ ನೀರು ಮಗಳ ಕೈ ತಪ್ಪಿ ಅಳಿಯನ ತೋಳಿಗೆ ಬಿತ್ತು. ಆಗ ಪಕ್ಕದಿಂದ ರೇಷ್ಮೆ ಸೆರಗಿನ, ಬಳೆ ತುಂಬಿದ ಇನ್ನೊಂದು ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ನೀರು ಬಿದ್ದು ಮುಗಿಯುವ ತನಕ ಬಿಡಲಿಲ್ಲ.

ಹಿಡಿದದ್ದು ಮಂಟಪದಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಅಕ್ಕನ ಕಡೆ ತಿರುಗಿದೆ. ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಇದು ಮಾತ್ರ ರಿಯಾಲಿಟಿ ಇಲ್ಲ," ಎಂದಳು, ಮೂಗು ಒರೆಸಿಕೊಳ್ಳುತ್ತಾ. "ನಿನ್ನ ಕೈ ನಡುಗ್ತದೆ ಅಂದ್ರೆ ಯಾರು ನಂಬ್ತಾರೆ? ನಾನು ಹೆರುವಾಗ ಒಂದು ಚೂರು ನಡುಗ್ಲಿಲ್ಲ."