ಶಾಲಿನ ಸುತ್ತಾಟ

ಮನೆಖರ್ಚು ಇಳಿಸೋದು ಹೇಗೆ ಅಂತ ಊರೂರಲ್ಲಿ ಭಾಷಣ ಮಾಡೋದು ನನ್ನ ಕೆಲಸ. ಅಲ್ಲಿ ನನಗೆ ಹೊದಿಸಿದ ಶಾಲುಗಳನ್ನೇ ನೆಂಟರಿಷ್ಟರ ಮದುವೆಗೆ ಉಡುಗೊರೆ ಕೊಡುತ್ತೇನೆ. ಇದೊಂದನ್ನು ಮಾತ್ರ ಭಾಷಣದಲ್ಲಿ ಹೇಳುವುದಿಲ್ಲ.

ಆವತ್ತು ಬಿ.ದುರ್ಗದ ಮಹಿಳಾ ಸಂಘದವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆದರು. ತೆಗೆದದ್ದೇ ತಡ, ಅಧ್ಯಕ್ಷೆ ಗಂಗಮ್ಮ ಎರಡನ್ನೂ ವಾಪಸ್ ಇಸ್ಕೊಂಡರು.

“ಬೇಜಾರ್ ಮಾಡ್ಕಬ್ಯಾಡ್ರಿ ಸಾರ್. ಇರೋದನ್ನೇ ಮತ್ತೆ ಬಳಸ್ರಿ ಅಂತ ಈಗ ನೀವೇ ಹೇಳಿದ್ರಲ್ಲ. ಮುಂದಿನ ವಾರ ದನದ ಡಾಕ್ಟ್ರು ಬರ್ತಾರೆ, ಅವರಿಗೂ ಇದೇ.”

“ಹಣ್ಣು ಕೊಳೆಯಲ್ವೇನಮ್ಮ?”

“ಪ್ಲಾಸ್ಟಿಕ್ಕು ಸಾರ್.”

ಸಂಜೆ ಹೊಳಲ್ಕೆರೆಯಲ್ಲಿ ಗೆಳೆಯನ ಗೃಹಪ್ರವೇಶ. ಆ ಶಾಲನ್ನೇ ನಂಬಿದ್ದವನು ಬರಿಗೈಲಿ ಹೋಗಿ ಮೂಲೆಯಲ್ಲಿ ಕೂತೆ. “ಲೇ, ಬಾರಪ್ಪ ಇಲ್ಲಿ” ಅಂತ ಎಳೆದೊಯ್ದು, ಎಲ್ಲರೆದುರು ಅವನೇ ನನಗೆ ಶಾಲು ಹೊದಿಸಿದ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಅಂಚು ಎತ್ತಿದರೆ, ಅವನ ಮಗಳ ಮದುವೆಗೆ ಕೊಡುವಾಗ ನಾನೇ ಒಳಮಡಿಕೆಯಲ್ಲಿ ಮುಚ್ಚಿದ್ದ ಅರಿಶಿನದ ಕಲೆ!

ಅದೇ ಮಡಿಕೆಗೆ ಮಡಿಸಿ ಇಟ್ಟಿದ್ದೇನೆ. ಗಂಗಮ್ಮನ ಮಗನ ಮದುವೆಗೆ ಕರೆ ಬಂದಿದೆ.