ಮೂಡುಬಿದಿರೆಯ ಮ್ಯಾಟಿನ ಮೇಲೆ ಮಾಣಿಯ ರೈಡರ್

2023ನೆಯ ಇಸವಿ, ನನಗಾಗ ಐವತ್ತೊಂದು ವರ್ಷ. ಅಧ್ಯಾಪನವನ್ನು ಬಿಟ್ಟು, ವೃತ್ತಿಪರ ಕಬಡ್ಡಿ ತಂಡವೊಂದಕ್ಕೆ ಆಟಗಾರರನ್ನು ಹುಡುಕುತ್ತಿದ್ದೆ. ಹರಾಜಿಗೆ ಮುನ್ನ ಕೊನೆಯದೊಂದು ಹೆಸರನ್ನು ಆಯ್ಕೆ ಪಂದ್ಯದ ದಿನ ಸಂಜೆಯೊಳಗೆ ತಂಡಕ್ಕೆ ಕಳುಹಿಸಬೇಕಿತ್ತು. ಬೆಳ್ತಂಗಡಿಯ ಮಣ್ಣಿನ ಅಂಕಣದಲ್ಲಿ ನಾನು ಮೆಚ್ಚಿದ್ದ ಮಾಣಿ ಊರಿನ ನೌಫಲ್, ಮೂಡುಬಿದಿರೆಯ ಆ ಪಂದ್ಯದಲ್ಲಿ ಮೊದಲ ಬಾರಿಗೆ ಶೂ ಧರಿಸಿ ಮ್ಯಾಟಿಗಿಳಿದು, ಎರಡು ರೈಡುಗಳಲ್ಲಿಯೂ ಜಾರಿ ಸಿಕ್ಕಿಬಿದ್ದ.

“ಮಣ್ಣಲ್ಲಿ ಹುಲಿ, ಇಲ್ಲಿ ಬೆಕ್ಕಿನ ಮರಿ ಮಾರಾಯ್ರೇ!” ಎಂದು ಪಕ್ಕದಲ್ಲಿದ್ದ ನಮ್ಮ ತಂಡದ ತರಬೇತುದಾರರು ನಕ್ಕರು.

ವಿರಾಮದಲ್ಲಿ ಉಳಿದವರು ನೀರು ಕುಡಿಯುತ್ತಿದ್ದರೆ, ನೌಫಲ್ ಮ್ಯಾಟಿನುದ್ದಕ್ಕೂ ಹಿಮ್ಮುಖವಾಗಿ ನಡೆಯುತ್ತಿದ್ದ. ಕಾರಣವನ್ನು ಕೇಳಿದೆ.

“ಮುಟ್ಲಿಕ್ಕೆ ಕಷ್ಟ ಇಲ್ಲ ಸಾರ್. ಮುಟ್ಟಿ ವಾಪಸ್ ಬರ್ಲಿಕ್ಕೆ ಈ ಶೂ ಬಿಡುದಿಲ್ಲ. ಕಾಲಿಗೆ ಹೇಳಿಕೊಡ್ತಾ ಇದ್ದೇನೆ.”

ಮುಂದಿನ ರೈಡಿಗಾಗಿ ನಾನು ಕಾಯಲಿಲ್ಲ. ಅವನ ಹೆಸರನ್ನೇ ಬರೆದು ಕಳುಹಿಸಿದೆ. ಅವನು ತಂಡದ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ವರ್ಷದ ನವೆಂಬರ್ ಹದಿನೇಳರಂದು.