ಡಿಸ್ಕಿನಲ್ಲಿ ಹಿಡಿಸದ ಢಾವಲೋ

ಹೇಮಿಬಾಯಿ ಗೋವಾದ ಕೊಲ್ವಾ ಬೀಚಿನ ಉಸುಕಿನಲ್ಲಿ ಕನ್ನಡಿ ಚೀಲ, ದುಪಟ್ಟಾ ಹೊತ್ತು ತಿರುಗಿ ತಿರುಗಿಯೇ ಮುದುಕಿಯಾದವಳು. ವಿಜಾಪುರದ ಕಡೆಯ ತಾಂಡಾದಿಂದ ಬಂದ ಹೊಸದರಲ್ಲಿ ಸಮುದ್ರ ನೋಡಿ ಗಂಡನ ಅಂಗಿ ಹಿಡಿದುಕೊಂಡಿದ್ದಳಂತೆ. ಆಮೇಲೆ ಅದೇ ದಂಡೆಯಲ್ಲಿ ಪರದೇಶದವರ ಜೊತೆ ಕೈಸನ್ನೆಯಲ್ಲೇ ಜಗಳವಾಡಿ ವ್ಯಾಪಾರ ಕುದುರಿಸುವಷ್ಟು ಗಟ್ಟಿಗಿತ್ತಿಯಾದಳು. ಗಂಡ ಖೀರಪ್ಪ ಮಡ್ಕಯಿಯ ಕಾರ್ಖಾನೆಯಲ್ಲಿ ಮೂಟೆ ಹೊತ್ತು ಮೊಣಕಾಲು ಸವೆಸಿಕೊಂಡು ಮನೆ ಹಿಡಿದಿದ್ದ. ಮಡಗಾವಿನ ಮೋತಿ ಡೊಂಗರ್ ಮೇಲೆ, ಒಂದರ ಹೆಗಲೇರಿ ಇನ್ನೊಂದು ಕೂತಂತಿರುವ ಮನೆಗಳಲ್ಲಿ ಅವರದೂ ಒಂದು.

ಇದ್ದದ್ದು ಒಬ್ಬಳೇ ಮಗಳು, ರೇಣು. ಆ ಗುಡ್ಡದ ಮೇಲೇ ಮದುವೆ ಮಾಡಿದರು. ಖೀರಪ್ಪ ಹಟ ಹಿಡಿದು ವಿಡಿಯೊದವನನ್ನು ಕರೆಸಿದ. ಎರಡು ಮಳೆಗಾಲ ಕಳೆಯುವುದರೊಳಗೆ ರೇಣು ಗಂಡನ ಮನೆಯಲ್ಲಿ ಜ್ವರ ಬಂದು ತೀರಿಕೊಂಡಳು. ಉಳಿದದ್ದು ಒಂದು ಕ್ಯಾಸೆಟ್.

ಲಂಬಾಣಿ ಮದುವೆಯಲ್ಲಿ ಹೆಣ್ಣು ಹೊರಡುವಾಗ ಸುಮ್ಮನೆ ಅಳುವುದಿಲ್ಲ. ಹಡೆದವಳ ಕೊರಳಿಗೆ ಬಿದ್ದು ರಾಗ ಎಳೆದು ಅಳುತ್ತಾಳೆ. ಅದಕ್ಕೆ ಢಾವಲೋ ಎನ್ನುತ್ತಾರೆ. ರಾಗ ಎಲ್ಲರದೂ ಒಂದೇ, ಮಾತು ಮಾತ್ರ ಆಯಾ ಹುಡುಗಿಯೇ ಕಟ್ಟಿಕೊಳ್ಳಬೇಕು. ರೇಣುವೂ ಕಟ್ಟಿದ್ದಳು. ಆದರೆ ಆವತ್ತು ಹೇಮಿಬಾಯಿಯ ಕಿವಿಯಲ್ಲಿ ಅವಳದೇ ಅಳು ತುಂಬಿತ್ತು. ಮಗಳು ಏನೋ ಕೇಳಿದಳು, ಏನೋ ಹೇಳಿದಳು, ಒಂದು ಮಾತೂ ಒಳಗಿಳಿಯಲಿಲ್ಲ. ಕ್ಯಾಸೆಟ್ಟಿನಲ್ಲಿ ಇದೆಯಲ್ಲ ಎಂಬುದೊಂದು ಧೈರ್ಯ. ಮಗಳು ಹೋದ ಮೇಲೆ ಅದನ್ನು ಹಾಕಿ ನೋಡಲು ಎದೆ ಸಾಲಲಿಲ್ಲ. ಎದೆ ಗಟ್ಟಿಯಾಗುವ ಹೊತ್ತಿಗೆ ಕ್ಯಾಸೆಟ್ ಹಾಕುವ ಯಂತ್ರ ಗುಡ್ಡದಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಗುಡ್ಡದ ಬುಡದಲ್ಲಿ ಫೋಟೊ ಅಂಗಡಿ ಇಟ್ಟ ಅಲ್ತಾಫನ ಹತ್ತಿರ ಒಂದು ಇದೆಯೆಂದು ಯಾರೋ ಹೇಳಿದರು. ಅವನೂ ನಮ್ಮ ಬಾಗಲಕೋಟೆ ಕಡೆಯವನೇ. ಗಂಡಹೆಂಡಿರು ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದು ಹೋದರು.

ಅಲ್ತಾಫ ಮುಚ್ಚಳ ಎತ್ತಿ ನೋಡಿ ತಲೆ ಕೊಡವಿದ. "ಬೂಷ್ಟು ಹಿಡದೈತ್ರಿ ಮೌಶಿ. ಇಲ್ಲಿ ಮಳಿ ಬಿಡಂಗಿಲ್ಲ. ಒಂದು ಸಲ ಓಡಿದ್ರ ಓಡ್ತೈತಿ, ಎರಡನೇ ಸಲದ ಮಾತು ನಾ ಕೊಡಂಗಿಲ್ಲ. ಮುಂದಕ್ಕ ಜೋರ್ ಓಡಿಸಿದ್ರ ಹರದ ಹೋಗ್ತೈತಿ. ಮೊದಲಿಂದ ಮೆಲ್ಲಕ ಬಿಡಬೇಕು."

ಆಮೇಲೆ ಕಪಾಟು ಹುಡುಕಿ ಒಂದು ಖಾಲಿ ಡಿಸ್ಕು ತೆಗೆದ. "ಇದೊಂದ ಉಳದೈತಿ. ಈಗ ಇವನ್ನ ಯಾರು ಕೇಳ್ತಾರ್ರಿ? ಚಲೋ ಕಾಣೂಹಂಗ ಹಾಕಿದ್ರ ಎರಡು ತಾಸು ಹಿಡಿತೈತಿ. ನಿಮ್ಮ ಕ್ಯಾಸೆಟ್ ಮೂರು ತಾಸಿಂದು."

"ಒತ್ತಿ ತುಂಬಾಕ ಬರಂಗಿಲ್ಲೇನು? ನಾವು ಚೀಲ ತುಂಬಂಗಿಲ್ಲ?"

"ಬರ್ತೈತಿ. ನಾಕು ತಾಸಿನ ಗುಂಡಿ ಒತ್ತಿದ್ರ ಪೂರಾ ಹಿಡಿತೈತಿ, ಆದ್ರ ಮಾರಿ ಎಲ್ಲಾ ಮಸಕ್ ಆಗ್ತಾವು. ಇಲ್ಲಿ ನಾಕು ಪಾಯಿಂಟ್ ಏಳು ಜೀಬಿ ಅಂತ ಬರದಾರ ನೋಡ್ರಿ, ಇದರಾಗಿನ ಜಾಗಾ ಅಷ್ಟ. ಅದು ಹಿಗ್ಗಂಗಿಲ್ಲ."

ಹೇಮಿಬಾಯಿ ಹೆಗಲ ಚೀಲದ ಕಸೂತಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಬಟ್ಟಿ ಇದ್ದಷ್ಟ ಇರತೈತಿ. ಟಾಕಿ ದಟ್ಟ ಹಾಕಿದ್ರ ಒಂದ ಹೂವು, ಆದ್ರ ಹೂವು ಹೂವಿನಂಗ ಕಾಣತೈತಿ. ಅಗಲ ಹಾಕಿದ್ರ ಬಟ್ಟಿ ತುಂಬತೈತಿ, ಹೂವು ಯಾವುದು ಎಲಿ ಯಾವುದು ತಿಳಿಯಂಗಿಲ್ಲ. ಹಿಂಗ ಹೌದಲ್ಲೋ ತಮ್ಮಾ?"

"ಹೌದ್ರಿ, ಥೇಟ್ ಹಂಗ."

"ಹಂಗಾರ ದಟ್ಟ ಹಾಕು. ನನ್ನ ಮಗಳ ಮಾರಿ ಕಾಣಬೇಕು. ಉಣ್ಣೂದು, ಕುಣಿಯೂದು ಎಲ್ಲಾ ಬಿಟ್ಟುಬಿಡು. ಕಡೀಕ ಢಾವಲೋ ಐತಿ, ಅದಕ್ಕ ನಾವು ಬಂದದ್ದು."

"ಒಂದು ವಾರ ತಡದ್ರ ಇನ್ನೊಂದು ಡಿಸ್ಕ್ ತರಿಸ್ತೇನ್ರಿ."

"ಬ್ಯಾಡೋ, ಒಂದು ಸಾಕು." ಇಷ್ಟು ವರ್ಷ ತಡೆದವಳಿಗೆ ಆ ಒಂದು ವಾರ ತಡೆಯಲಾಗಲಿಲ್ಲ.

ಬೇಡವಾದದ್ದು ಬಂದಾಗ ಹೇಳಬೇಕು, ಕ್ಯಾಸೆಟ್ ಓಡುತ್ತಿದ್ದರೂ ತಾನು ಡಿಸ್ಕಿಗೆ ತುಂಬುವುದನ್ನು ತಡೆಯುವುದಾಗಿ ಹೇಳಿ ಅಲ್ತಾಫ ಗುಂಡಿ ಒತ್ತಿದ. ಟಿವಿಯಲ್ಲಿ ಹಂದರ ಮೂಡಿತು.

"ನೋಡಲೇ, ನನ್ನ ತಲೀ ಮ್ಯಾಲ ಎಷ್ಟು ಕೂದಲಾ!" ಎಂದ ಖೀರಪ್ಪ.

"ಕೂದಲಿತ್ತು. ಒಳಗೇನಿತ್ತು ಅದನ್ನ ಹೇಳ್ರಿ." ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕರು.

ಊಟದ ಪಂಕ್ತಿ ಬಂತು. ಅಲ್ತಾಫ ಬೆರಳು ಗುಂಡಿಯ ಮೇಲಿಟ್ಟ. ಪಂಕ್ತಿಯ ತುದಿಯಲ್ಲಿ ಒಬ್ಬ ಆಳು ಕ್ಯಾಮೆರಾದ ಕಡೆ ತಿರುಗಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ ನಕ್ಕ.

"ತಡಿಯೋ!" ಹೇಮಿಬಾಯಿ ಅವನ ಕೈ ಹಿಡಿದಳು. "ನಮ್ಮ ದೇವಲಣ್ಣ ಅಂವ." ಅವಳ ಅಣ್ಣ ದೇವಲಪ್ಪ, ಕೆಪೆ ಊರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತವನು. ಅವನದು ಬೇರೆ ಪಟವೇ ಇರಲಿಲ್ಲ. ಅವನು ಉಂಡು ಏಳುವ ತನಕ ಡಿಸ್ಕು ಓಡಿತು.

ಕುಣಿತ ಬಂತು. ನಡುವೆ ಪಕ್ಕದ ಮನೆಯ ಭೂರಿಬಾಯಿ ಬಳೆ ತುಂಬಿದ ಕೈ ಎತ್ತಿ ತಿರುಗುತ್ತಿದ್ದಳು. ಅವಳೂ ಸತ್ತಿದ್ದಳು. "ಪಾಪ, ಆಕಿ ಮಕ್ಕಳು ನೋಡ್ತಾರ, ಇರಲಿ ಬಿಡು," ಎಂದಳು ಹೇಮಿಬಾಯಿ. ಮುಯ್ಯಿ ಮಾಡುವುದು ಬಂತು. ತಾಂಡಾದ ನಾಯಕ ಎಲ್ಲರ ಮುಂದೆ ಕೂತಿದ್ದ. "ಅವನ್ನ ತಡದ್ರ ಪಂಚರಿಗೆ ಅವಮಾನ ಮಾಡಿದಂಗ," ಎಂದ ಖೀರಪ್ಪ, ನಾಯಕ ಸತ್ತು ಯಾವ ಕಾಲವಾಯಿತೋ. ಒಬ್ಬೊಬ್ಬರ ಮುಖ ಬಂದಾಗಲೂ ಇಬ್ಬರಲ್ಲಿ ಒಬ್ಬರು ಕೈ ಅಡ್ಡ ಹಿಡಿಯುತ್ತಿದ್ದರು. ಸತ್ತವರನ್ನು ಮದುವೆಯಿಂದ ಎಬ್ಬಿಸಿ ಹೊರಗೆ ಕಳಿಸಲು ಯಾರಿಗೆ ತಾನೆ ಮನಸ್ಸು ಬರುತ್ತದೆ?

"ಮೌಶಿ, ಜಾಗಾ ಮುಗಿಯಾಕ ಬಂತ್ರಿ," ಎಂದು ಅಲ್ತಾಫ ಎಚ್ಚರಿಸಿದ.

"ಹೂಂ, ಇನ್ನ ಯಾರೂ ಇಲ್ಲ ತಗೋ," ಎಂದಳು. ಮತ್ತೆ ಒಬ್ಬಳು ಅತ್ತೆ ಬಂದಳು. ಅವಳೂ ಇರಲಿ ಎಂದಳು.

ಕೊನೆಗೆ ರೇಣು ಎದ್ದು ನಿಂತಳು. ಮುಸುಕಿನ ಅಂಚು ಹಿಡಿದು ತಾಯಿಯ ಕಡೆ ಎರಡು ಹೆಜ್ಜೆ ಇಟ್ಟಳು. ಬಾಯಿ ತೆರೆದಳು.

ಯಂತ್ರದ ದೀಪ ಆರಿತು. "ತುಂಬಿತ್ರಿ," ಎಂದ ಅಲ್ತಾಫ.

"ಒಂದು ಟಾಕಿಯಷ್ಟು ಜಾಗಾ ಇಲ್ಲೇನೋ?"

"ಇಲ್ರಿ. ತಡೀರಿ, ಕ್ಯಾಸೆಟ್ ನಿಲ್ಲಸ್ತೀನಿ, ವಾರದಾಗ ಇನ್ನೊಂದು ಡಿಸ್ಕ್ ತರಿಸ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಅವನು ಅದನ್ನು ನಿಲ್ಲಿಸಿದ್ದು. ಆದರೆ ನಿಂತ ಟೇಪು ಒಳಗಿನ ಚಕ್ರಕ್ಕೆ ಅಂಟಿಕೊಂಡಿತು. ತೆಗೆಯಲು ಹೋದರೆ ಕಂದು ಕರುಳಿನಂತೆ ಸುರುಳಿ ಸುರುಳಿಯಾಗಿ ಹೊರಬಂದು ಹರಿಯಿತು. ಅಲ್ತಾಫ ಬೆವರುತ್ತ ತುಂಡುಗಳನ್ನು ಅಂಟಿಸಿ ಹಾಕಿದ. ಟಿವಿಯಲ್ಲಿ ಬರೀ ಬೆಳ್ಳನೆ ಚುಕ್ಕೆಗಳು, ಕೊಳವೆಯಲ್ಲಿ ಗಾಳಿ ಹೊಕ್ಕಂಥ ಸದ್ದು. ಅದರಲ್ಲಿ ಮನುಷ್ಯರ ದನಿ ಇರಲಿಲ್ಲ.

"ಓಡೂ ಮುಂದ ಟಿವಿಗೆ ಮೊಬೈಲ್ ಹಿಡಿದಿದ್ರ ಆಗ್ತಿತ್ತಲ್ರಿ," ಎಂದು ಆಮೇಲೆ ಹಣೆ ಬಡಿದುಕೊಂಡ. ಮೊಬೈಲು ಮೂವರ ಮುಂದೆಯೇ ಬಿದ್ದಿತ್ತು.

ಆ ಭಾನುವಾರ ಗುಡ್ಡದ ಜನವೆಲ್ಲ ಬಂದು ಡಿಸ್ಕು ನೋಡಿದರು. ಭೂರಿಬಾಯಿಯ ಮಕ್ಕಳು ಟಿವಿಗೆ ಕೈ ಮುಗಿದರು. "ಭಾಳ ಪುಣ್ಯಾ ಕಟಿಗೊಂಡಿ ಹೇಮವ್ವಾ, ಯಾರನ್ನೂ ಬಿಟ್ಟಿಲ್ಲ ನೋಡು," ಎಂದು ಹೊಗಳಿದರು. ಕೊನೆ ಹತ್ತಿರ ಬಂದಾಗ ಹೇಮಿಬಾಯಿ ಚಹಾದ ನೆಪ ಮಾಡಿ ಒಲೆಯ ಹತ್ತಿರ ಹೋದಳು.

ಜನ ಹೋದ ಮೇಲೆ ಖೀರಪ್ಪ ಕೇಳಿದ: "ನಿನ್ನ ಕೊರಳಿಗೆ ಬಿದ್ದು ಅತ್ತಾಳ. ಒಂದು ಮಾತರೆ ನೆನಪಿರಬೇಕಲ್ಲ? ರಾಗ ಹಿಡಿ, ತಾನ ಬರತೈತಿ."

ಹೇಮಿಬಾಯಿ ಕಣ್ಣು ಮುಚ್ಚಿ ರಾಗ ಹಿಡಿದಳು. ಮಾತು ಬಂತು. ಒಂದರ ಹಿಂದೊಂದು ಸರಾಗವಾಗಿ ಬಂತು: ತಾಂಡಾದ ಬಾವಿ, ಬಿಳಿ ಆಕಳು, ಅಪ್ಪನ ಕಂಬಳಿ. ಖೀರಪ್ಪ ಮುಂದಕ್ಕೆ ಬಾಗಿ ಕೂತ. ಅವಳು ಥಟ್ಟನೆ ನಿಲ್ಲಿಸಿದಳು. ರೇಣು ಆ ಬಾವಿಯನ್ನೂ ನೋಡಿರಲಿಲ್ಲ, ಆ ಆಕಳನ್ನೂ ನೋಡಿರಲಿಲ್ಲ. ಗುಡ್ಡದ ಮೇಲೆ ಹುಟ್ಟಿದ ಹುಡುಗಿ ಅದು.

"ಯಾಕ, ಮುಂದ?"

"ಇದು ನಂದು," ಎಂದಳು. "ನನ್ನ ಮದಿವ್ಯಾಗ ನಾ ಅತ್ತದ್ದು. ಆಕಿದಲ್ಲ."

ಅವಳು ಮತ್ತೆ ರಾಗ ಹಿಡಿಯಲಿಲ್ಲ.